ಅಂಚೆಯಲ್ಲಿ ಎಂಬಿಎ

ಅರಸೀಕೆರೆಯಿಂದ ಬೇಲೂರಿಗೆ ಹೊರಟ ಬಸ್ಸಿನಲ್ಲಿ ಪಕ್ಕದ ಹೆಂಗಸು ಅಂಚೆಯಲ್ಲಿ ಬಂದ ಎಂಬಿಎ ಪಾಠ ಓದುತ್ತಿದ್ದರು. ನಾನಾಗ ಬೇಲೂರಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಮನೆಯಲ್ಲಿ ಲಕ್ವ ಹೊಡೆದ ಅಪ್ಪ. ಎಂಬಿಎಗಾಗಿ ಕೆಲಸ ಬಿಟ್ಟು ಮೈಸೂರಿನ ಕಾಲೇಜು ಸೇರುವುದೋ, ಅಂಚೆಯಲ್ಲೇ ಓದುವುದೋ ಎಂದು ಒದ್ದಾಡುತ್ತಿದ್ದೆ. ಅವರನ್ನೇ ಕೇಳಿದೆ.

“ನಾನು ಮೊದ್ಲು ಕಾಲೇಜಿಗೇ ಸೇರಿದ್ದೆ ಕಣ್ರೀ. ಅಮ್ಮ ಹಾಸಿಗೆ ಹಿಡಿದ್ರು, ಬಿಟ್ಟು ಬಂದೆ. ಅವರ ಪಕ್ಕ ಕೂತು ಓದೋಕೆ ಅಂಚೆಯದೇ ಸರಿಹೋಯ್ತು.”

“ಈಗ ಹೇಗಿದ್ದಾರೆ?”

“ಹೋದ ತಿಂಗಳು ತೀರಿಕೊಂಡ್ರು. ಇನ್ನು ಕಾಲೇಜಿಗೆ ಹೋಗ್ಬಹುದು, ತಡೆಯೋರಿಲ್ಲ. ಹೋಗೋ ಮನಸ್ಸೂ ಇಲ್ಲ.”

ಹಳೇಬೀಡಿನಲ್ಲಿ ಅವರು ಇಳಿದುಹೋದರು.

ನಾನು ಅಂಚೆಯದನ್ನೇ ಆರಿಸಿಕೊಂಡೆ. ಓದು ಮುಗಿಯುವ ಮೊದಲೇ ಅಪ್ಪ ಹೋದರು. ಪದವಿ ಪತ್ರವೂ ಅಂಚೆಯಲ್ಲೇ ಬಂತು. ನಾನು ಬ್ಯಾಂಕಿನಲ್ಲಿದ್ದೆ, ಸಹಿ ಹಾಕಿ ತೆಗೆದುಕೊಳ್ಳಲು ಮನೆಯಲ್ಲಿ ಯಾರೂ ಇಲ್ಲವೆಂದು ಪೋಸ್ಟ್‌ಮ್ಯಾನ್ ವಾಪಸ್ ಒಯ್ದ.