ಕಂಡಕ್ಟರ್ ತಾತನ ಮರದ ಬಸ್ಸು

ಬಸ್ಸಿನ ಕೆಲಸದಿಂದ ನಿವೃತ್ತರಾದ ಕಂಡಕ್ಟರ್ ತಾತ ಆಟಿಕೆ ಅಂಗಡಿಗೆ ಕಾಲಿಟ್ಟರೆ ಅಂಗಡಿಯವನಿಗೆ ಅರ್ಧ ದಿನ ಹೋಯಿತೆಂದೇ ಅರ್ಥ. ಎರಡೂವರೆ ವರ್ಷ ತುಂಬಿದರೂ ಮೊಮ್ಮಗಳ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಅವಳಿಗೆ ಆಟಿಕೆ ಆರಿಸುವ ಕೆಲಸವನ್ನು ತಾತ ಯಾರಿಗೂ ಬಿಟ್ಟುಕೊಡುವುದಿಲ್ಲ. ಹಾಡುವ ಗಿಳಿ, ಅಆಇಈ ಒಪ್ಪಿಸುವ ಕರಡಿ, ಒಂದೊಂದರ ಗುಂಡಿಯನ್ನೂ ಒತ್ತಿ ನೋಡಿ, ಟಿಕೆಟ್ ಇಲ್ಲದವರನ್ನು ಇಳಿಸುವ ದನಿಯಲ್ಲೇ ಹೇಳುತ್ತಾರೆ: "ಎಲ್ಲಾ ಇದೇ ಮಾತಾಡಿಬಿಟ್ರೆ ನಮ್ಮ ಹುಡುಗಿ ಏನು ಮಾತಾಡ್ಬೇಕಪ್ಪಾ? ಕೆಳಗಿಡು." ಕೊನೆಗೆ ಅವರು ಒಪ್ಪಿದ್ದು ಬ್ಯಾಟರಿಯಿಲ್ಲದ, ಚಕಾರವೆತ್ತದ ಒಂದು ಮರದ ಬಸ್ಸು. ಮನೆಯಲ್ಲಿ ಅದಕ್ಕೆ ಗೊಂಬೆಗಳನ್ನು ಹತ್ತಿಸಿ, "ರೈಟ್" ಎಂದು ತಳ್ಳುತ್ತಾರೆ. ಮಂಚದ ಕಾಲಿನ ಹತ್ತಿರ ಸ್ಟಾಪ್ ಕೊಟ್ಟು, ಇನ್ನು "ರೈಟ್" ಅವಳೇ ಹೇಳಲಿ ಎಂದು ಮೊಮ್ಮಗಳ ಮುಖ ನೋಡುತ್ತಾ ಕೂರುತ್ತಾರೆ. "ಓಡಿ ಬರ್ತಿದ್ದ ನನ್ನ ತಮ್ಮನಿಗೂ ಅರ್ಧ ನಿಮಿಷ ಬಸ್ಸು ನಿಲ್ಲಿಸ್ದೋರಲ್ಲ ನೀವು" ಎಂದು ಅಜ್ಜಿ ಒಳಗಿನಿಂದಲೇ ಹಂಗಿಸುತ್ತಾರೆ. ನಿಜವೇ, ಮೂವತ್ತು ವರ್ಷ ಯಾರಿಗೂ ಕಾಯದ ಮನುಷ್ಯ ಮಂಡಿನೋವು ನುಂಗಿಕೊಂಡು ಮೂರು ತಿಂಗಳಿಂದ ಆ ಒಂದೇ ಸ್ಟಾಪಿನಲ್ಲಿ ಕಾಯುತ್ತಿದ್ದರು. ಇವತ್ತು ಬೆಳಿಗ್ಗೆ ಮೊಮ್ಮಗಳು ಬಸ್ಸಿನ ನೆತ್ತಿಗೆ ಎರಡು ಏಟು ಕೊಟ್ಟು, "ಐಟ್" ಎಂದಳು. ತಾತ ಬಸ್ಸು ಬಿಟ್ಟರು. ಹದಿನೈದು ಹೆಜ್ಜೆ ದೂರದ ಬೀದಿಬಾಗಿಲು ಮುಟ್ಟುವಷ್ಟರಲ್ಲಿ ಹನ್ನೊಂದು ಹೊಸ ಸ್ಟಾಪ್ ಕೊಟ್ಟರು. ಹನ್ನೊಂದರಲ್ಲೂ ಬಸ್ಸು ಹೊರಟಿದ್ದು ಅವಳ ಮಾತಿನ ಮೇಲೆ.