ಭಾವನ ಕಿವಿಗಾಗಿ ಎತ್ತರಿಸಿದ ತಂತಿ

ನಮ್ಮ ಭಾವನ ಎಡಗಿವಿ ಹೋದದ್ದು ಉದ್ದನಪಲ್ಲಿಯ ಒಂದು ಮದುವೆ ಊಟದ ಹೊತ್ತಿನಲ್ಲಿ. ಭಾವ ಅಂದರೆ ಅಕ್ಕನ ಗಂಡ. ಹೊಸೂರಿನ ಹತ್ತಿರದ ಮತ್ತಿಗಿರಿಯಲ್ಲಿ ಅವರ ಮನೆ, ಅದರ ಮಹಡಿಯ ಮೇಲಿನ ಕೋಣೆ ನನ್ನದು. ವಾರವೆಲ್ಲ ಇಬ್ಬರೂ ಫ್ಯಾಕ್ಟರಿಗೆ ಹೋಗುತ್ತಿದ್ದೆವು. ಭಾನುವಾರ ಮತ್ತು ಮುಹೂರ್ತದ ದಿನಗಳಲ್ಲಿ ಆರ್ಕೆಸ್ಟ್ರಾ. ಅವರು ಡ್ರಮ್ಸ್, ನಾನು ಬೇಸ್ ಗಿಟಾರ್.

ಅವತ್ತು ಜಗಳ ಹಾಡಿನಿಂದಲೇ ಹುಟ್ಟಿತು. ಹೆಣ್ಣಿನ ಕಡೆಯವರು ಕೇಳಿದ್ದ ತಮಿಳು ಹಾಡು ಅರ್ಧ ಆಗಿತ್ತು. ಗಂಡಿನ ಕಡೆಯವರು ಅದನ್ನು ನಿಲ್ಲಿಸಿ ತೆಲುಗಿನ ಕುಣಿತದ ಹಾಡು ಹಾಕಿ ಅಂತ ಕೂಗಿದರು. ಇದು ಮುಗಿದ ಮೇಲೆ ಅದೇ ಹಾಡ್ತೀನಿ ಅಂತ ನಮ್ಮ ಹಾಡುಗಾರ್ತಿ ಹೇಳಿದ್ದೇ ತಪ್ಪಾಯಿತು. ಗಂಡಿನ ಚಿಕ್ಕಪ್ಪ ಕುಡಿದಿದ್ದ. ವೇದಿಕೆ ಹತ್ತಿ ಬಂದವನು ಮೈಕಿಗೆ ಕೈ ಹಾಕಿದ, ಅವಳು ಬಿಡದಿದ್ದಾಗ ಜಡೆಗೆ ಕೈ ಹಾಕಿ ಎಳೆದ. ಭಾವ ಎದ್ದು ಬಂದು ಅವನ ಕೈ ಬಿಡಿಸಿದರು. ಮಾಡಿದ್ದು ಅಷ್ಟೇ. ಅವನು ಮಡಿಚುವ ಕಬ್ಬಿಣದ ಕುರ್ಚಿಯೊಂದನ್ನು ಎತ್ತಿ ಬೀಸಿದ. ಅದು ಭಾವನ ಕಿವಿಯ ಮೇಲೆ ಬಿತ್ತು. ಇನ್ನೊಂದು ಏಟಿಗೆ ಅವನು ಕೈ ಎತ್ತಿದಾಗ ನಾನು ಹೆಗಲಲ್ಲಿದ್ದ ಬೇಸನ್ನೇ ಅಡ್ಡ ಹಿಡಿದೆ. ಹೆಗಲ ಪಟ್ಟಿ ಕಿತ್ತುಕೊಂಡು ಅದು ಅಂಗಾತ ನೆಲಕ್ಕೆ ಬಿತ್ತು. ಅವನು ಅದರ ಕತ್ತಿನ ಮೇಲೆ ಚಪ್ಪಲಿಗಾಲಲ್ಲಿ ನಿಂತು ತುಳಿದ. ಆಂಪ್ಲಿಫೈಯರ್ ಇನ್ನೂ ಆನ್ ಇತ್ತು. ತುಳಿದಾಗಲೆಲ್ಲ ಆ ಸದ್ದು ಛತ್ರದ ತುಂಬ ಗುಡುಗುತ್ತಿತ್ತು. ಭಾವನ ಅಂಗಿಯ ಎಡಭಾಗ ರಕ್ತದಲ್ಲಿ ನೆಂದುಹೋಗಿತ್ತು. ಊಟದ ಪಂಕ್ತಿಯಲ್ಲಿ ಕೂತಿದ್ದವರಲ್ಲಿ ಕೆಲವರು ಏಳಲೂ ಇಲ್ಲ.

ಹೊಸೂರಿನ ಆಸ್ಪತ್ರೆಯಲ್ಲಿ ಕಿವಿಯ ತಮಟೆ ಹರಿದಿದೆ ಅಂದರು. ಗಾಯ ಒಣಗಿತು, ಆದರೆ ಆ ಕಿವಿಗೆ ಏನೂ ಕೇಳಿಸದಾಯಿತು. ಅಕ್ಕ ಹೋಗಿ ಪೊಲೀಸರಿಗೆ ದೂರು ಕೊಟ್ಟು ಬಂದಳು.

ಕೆಲವು ದಿನದ ಮೇಲೆ ಒಂದು ಬೆಳಿಗ್ಗೆ ಆ ಚಿಕ್ಕಪ್ಪ ತನ್ನ ಊರಿನ ಹಿರಿಯನೊಬ್ಬನನ್ನು ಕರೆದುಕೊಂಡು ಮನೆಗೆ ಬಂದ. ಶುಭಕಾರ್ಯದಲ್ಲಿ ಏನೋ ಆಗೋಯ್ತು, ಕೇಸು ವಾಪಸ್ ತಗೊಳ್ಳಿ ಅಂತ ಹಿರಿಯ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದ. ಭಾವ ಬಲಗಿವಿ ತಿರುಗಿಸಿಕೊಂಡು ಕೇಳುತ್ತಿದ್ದರು. ಅಕ್ಕ ಅಡುಗೆಮನೆಯಿಂದ ಬಂದಳು. ಬಂದವಳೇ ಆ ಚಿಕ್ಕಪ್ಪನ ಎಡಗಿವಿಯ ಮೇಲೆ ಅಂಗೈ ಬಿಡಿಸಿ ಬಾರಿಸಿದಳು. ಅವನು ಹೊಸ್ತಿಲ ಮೇಲೆ ಮುಗ್ಗರಿಸಿದ. ಮತ್ತೆ ಅದೇ ಜಾಗಕ್ಕೆ ಹೊಡೆದಳು.

"ಕೇಳುಸ್ತೈತಾ?" ಅಂದಳು.

ಅವನು ಕಿವಿ ಹಿಡಿದುಕೊಂಡು ಅವಳನ್ನೇ ನೋಡಿದ. ನಾನೂ ಮುನ್ನುಗ್ಗಿದೆ. ಭಾವ ನನ್ನ ಅಂಗಿ ಹಿಡಿದು ಎಳೆದು ಕೂರಿಸಿದರು. ಬಂದವರು ಹೊರಟುಹೋದರು.

ಅವತ್ತೇ ನಾನು ಬೇಸನ್ನು ಚೀಲದಿಂದ ತೆಗೆದದ್ದು. ಕತ್ತು ಮುರಿದಿರಲಿಲ್ಲ, ಬಿಲ್ಲಿನಂತೆ ಬಾಗಿತ್ತು. ತಂತಿಗಳು ಕತ್ತಿನಿಂದ ದೂರ ಎದ್ದು ನಿಂತಿದ್ದವು. ಒತ್ತಿದರೆ ಬೆರಳು ನೋಯುತ್ತಿತ್ತು. ಕತ್ತಿನ ಒಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳಿರುತ್ತದೆ. ಗಿಟಾರಿನ ತಲೆಯ ಬಳಿ ಆರು ಮೂಲೆಯ ಅಲನ್ ಕೀ ಹಾಕಿ ಅದನ್ನು ಬಿಗಿ ಮಾಡಿದರೆ ಬಾಗಿದ ಕತ್ತು ನೆಟ್ಟಗಾಗುತ್ತದೆ. ಮೊದಲು ತಂತಿ ಸಡಿಲಿಸಬೇಕು, ಸರಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಬೇಕು, ನಡುನಡುವೆ ಮರ ಒಗ್ಗಿಕೊಳ್ಳಲು ಹೊತ್ತು ಕೊಡಬೇಕು. ನನಗೆ ಗೊತ್ತಿದ್ದ ಕೆಲಸವೇ. ಆದರೆ ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಆ ಚಿಕ್ಕಪ್ಪನ ಕತ್ತೇ ಇದ್ದಂತಿತ್ತು. ತಂತಿ ಸಡಿಲಿಸದೆಯೇ ಹಲ್ಲು ಕಚ್ಚಿಕೊಂಡು ತಿರುಗಿಸಿದೆ, ಇನ್ನೂ ತಿರುಗಿಸಿದೆ. ಮರ ಕಿರ್ರೆಂದಿತು. ಚಪ್ಪಲಿಯ ತುಳಿತಕ್ಕೆ ನಜ್ಜಾಗಿದ್ದ ತಂತಿಯೊಂದು ಸಿಡಿದು ಬಂದು ಮುಂಗೈಯನ್ನು ಸೀಳಿತು. ರಕ್ತ ಬೇಸಿನ ಕತ್ತಿನ ಮೇಲೆಲ್ಲ ಹರಿಯಿತು.

ಭಾವ ತಮ್ಮ ಟವೆಲನ್ನು ನನ್ನ ಕೈಗೆ ಸುತ್ತಿ ಗಂಟು ಹಾಕಿದರು. "ಅವನನ್ನ ಹೊಡ್ಯಾದು ಬ್ಯಾರೆ, ಇದನ್ನ ಹೊಡ್ಯಾದು ಬ್ಯಾರೆ ಕಣ್ಲಾ," ಅಂದರು. "ಬುಡು, ನಾಳೆ ಮಾಡುವಂತೆ."

ಮಾರನೆಯ ದಿನ ಹೊಸ ತಂತಿ ಹಾಕಿ ನಿಧಾನವಾಗಿ ಕತ್ತು ನೆಟ್ಟಗೆ ಮಾಡಿದೆ. ತಂತಿಯ ಎರಡು ತುದಿಯನ್ನೂ ಒತ್ತಿ ಹಿಡಿದು, ತಂತಿಗೂ ಕತ್ತಿಗೂ ನಡುವೆ ಉಳಿಯುವ ಸಂದಿಗೆ ತೆಳುವಾದ ತಗಡು ತೂರಿಸಿ ನೋಡಿದೆ. ಸರಿಯಿತ್ತು. ಆಮೇಲೆ ತಂತಿಗಳು ಒರಗುವ ಕೆಳಗಿನ ಸೇತುವೆಯ, ಅಂದರೆ ಬ್ರಿಡ್ಜಿನ, ಸಣ್ಣ ಸ್ಕ್ರೂಗಳನ್ನು ತಿರುಗಿಸಿ ತಂತಿಗಳನ್ನು ಆದಷ್ಟು ಕೆಳಕ್ಕೆ ಇಳಿಸಿದೆ. ತಂತಿ ಕೆಳಗಿದ್ದರೆ ಬೆರಳಿಗೆ ಸುಖ, ವೇಗವಾಗಿ ನುಡಿಸಬಹುದು. ನಾನು ಯಾವಾಗಲೂ ಹಾಗೇ ಇಟ್ಟುಕೊಳ್ಳುತ್ತಿದ್ದೆ.

ಭಾವ ಬಂದು ಪಕ್ಕದಲ್ಲಿ ಕೂತರು. ವೇದಿಕೆಯಲ್ಲಿ ನಾನು ನಿಲ್ಲುವುದು ಅವರ ಎಡಕ್ಕೇ. ಬಗ್ಗಿ, ಎಡಗಿವಿಯ ಹಿಂದಿನ ಮೂಳೆಯನ್ನು ಬೇಸಿನ ಮರಕ್ಕೆ ಒತ್ತಿ ನುಡಿಸು ಅಂದರು. ನಾನು ಮೆಲ್ಲಗೆ ಮೀಟಿದೆ. ಜೋರಾಗಿ ಅಂದರು. ಜೋರಾಗಿ ಮೀಟಿದಾಗ ತಂತಿ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ ಬಡಿದು ಗರಗರ ಅಂದಿತು. ಅವರ ಮುಖ ಗಂಟಾಯಿತು.

"ಬತ್ತದೆ ಕಣ್ಲಾ. ಮೂಳೇಲಿ ಬತ್ತದೆ. ಆದ್ರೆ ಗರಗರ ಅಂತದೆ, ತಾಳ ಸಿಗಾಕಿಲ್ಲ. ತಂತಿ ಮೇಲಕ್ಕೆತ್ತು."

ಎತ್ತಿದೆ. ಅವರು ತಲೆ ಅಲ್ಲಾಡಿಸಿದರು. ಇನ್ನೂ ಎತ್ತಿದೆ. ನನ್ನ ಬೆರಳುಗಳಿಗೆ ಅದು ಕಷ್ಟದ ಎತ್ತರ. ಎಷ್ಟೇ ಬಲವಾಗಿ ಎಳೆದು ಮೀಟಿದರೂ ಸದ್ದು ಶುದ್ಧವಾಗಿ ಬಂದಾಗ ಭಾವ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕತೊಡಗಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಕ್ಕೆ ಹೋದಳು.

ಮತ್ತೆ ನುಡಿಸಿದ್ದು ಬಾಗಲೂರಿನ ಒಂದು ಗೃಹಪ್ರವೇಶದಲ್ಲಿ. ನನ್ನ ಸ್ಪೀಕರನ್ನು ಭಾವನ ಸ್ಟೂಲಿಗೆ ತಾಗಿಸಿ ಇಟ್ಟಿದ್ದೆವು, ತಂತಿಯ ನಡುಕ ಅವರ ಮೈಗೆ ಹತ್ತಲಿ ಅಂತ. ನಡುವೆ ಯಾರೋ ಕಬ್ಬಿಣದ ಕುರ್ಚಿಯನ್ನು ನೆಲದ ಮೇಲೆ ದರದರ ಎಳೆದರು. ಭಾವ ಬೆಚ್ಚಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು. ಕೋಲುಗಳು ಉರುಳಿಹೋದವು. ಹಾಡುಗಾರ್ತಿಯೂ ನಿಲ್ಲಿಸಿದಳು. ನಾನು ಮಾತ್ರ ನಿಲ್ಲಿಸದೆ ಇದ್ದಬದ್ದ ಬಲವೆಲ್ಲ ಹಾಕಿ ಅದೇ ಸ್ವರವನ್ನು ಮೀಟುತ್ತಲೇ ಇದ್ದೆ. ತೋರುಬೆರಳಿನ ತುದಿ ಒಡೆದು ತಂತಿ ಅಂಟಂಟಾಯಿತು. ಎಷ್ಟೋ ಹೊತ್ತಿನ ಮೇಲೆ ಭಾವ ಬಗ್ಗಿ ಕೋಲು ಹೆಕ್ಕಿಕೊಂಡರು, ತಾಳಕ್ಕೆ ಬಂದು ಸೇರಿದರು.

ಕೇಸು ಇನ್ನೂ ನಡೆಯುತ್ತಿದೆ. ಅಕ್ಕ ಈಗ ಪ್ರತಿ ಕಾರ್ಯಕ್ರಮಕ್ಕೂ ಬರುತ್ತಾಳೆ. ವೇದಿಕೆಯ ಮೆಟ್ಟಿಲ ಮೇಲೆ ಕೂರುತ್ತಾಳೆ. ಊಟಕ್ಕೆ ಕರೆದರೂ ಏಳುವುದಿಲ್ಲ. ಮೇಲೆ ಹತ್ತಬೇಕಾದವರು ಅವಳನ್ನು ದಾಟಿಕೊಂಡೇ ಹತ್ತಬೇಕು.