ಹಾರ ಹರಿಯದ ಹಾಗೆ ಪಂಪು ಬಿಚ್ಚಿದ್ದು

ಟ್ರ್ಯಾಕ್ಟರಿಗೆ ದೃಷ್ಟಿ ತಗುಲುತ್ತದೆಯೇ? ನಿಮ್ಮೂರಿನ ವಿಷಯ ನನಗೆ ಗೊತ್ತಿಲ್ಲ. ಸುಗಟೂರಿನಲ್ಲಿ ತಗುಲುತ್ತದೆ. ದಸರಾ ರಜೆಗೆ ಅಕ್ಕನ ಮನೆಗೆ ಹೋಗಿದ್ದ ನಾನು ಕಣ್ಣಾರೆ ನೋಡಿ ಬಂದಿದ್ದೇನೆ.

ಆಯುಧಪೂಜೆಯ ದಿನ ಟ್ರ್ಯಾಕ್ಟರಿನ ಮುಂದೆ ಬೂದುಗುಂಬಳಕಾಯಿ ಒಡೆದಾಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿಯೂ ಆಯಿತು. ಇನ್ನು ಒಂದು ವರ್ಷ ಯಾರ ಕಣ್ಣೂ ಬೀಳುವಂತಿಲ್ಲ ಎಂದು ನಮ್ಮ ಭಾವ ಕೃಷ್ಣಪ್ಪನವರು ನಿಶ್ಚಿಂತೆಯಿಂದ ಮಲಗಿದರು. ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಏನೋ ಗುಡುಗಿತು, ಉಳಲು ಹಿಂದೆ ಸಿಕ್ಕಿಸಿದ್ದ ಕಲ್ಟಿವೇಟರ್ ಮಾತ್ರ ಮೇಲೇಳಲಿಲ್ಲ. ಭಾವ ಸೀಟಿನ ಪಕ್ಕದ ಹಿಡಿಯನ್ನು ಎಳೆದರು, ತಳ್ಳಿದರು, ಬೈದರು, ಮತ್ತೆ ಎಳೆದರು. ಅದು ನೆಲ ಕಚ್ಚಿಕೊಂಡೇ ಇತ್ತು. ಅದರ ಮೇಲೆ ಕೂತಿದ್ದ ಅಕ್ಕನ ಕೋಳಿಗಳೂ ಏಳುವ ಯೋಚನೆ ಮಾಡಲಿಲ್ಲ.

(ಗೊತ್ತಿಲ್ಲದವರಿಗೆ ಒಂದು ಮಾತು. ಟ್ರ್ಯಾಕ್ಟರಿನ ಹೊಟ್ಟೆಯೊಳಗೆ ಒಂದು ಪಂಪು ಇರುತ್ತದೆ. ಅದು ಎಣ್ಣೆಯನ್ನು ಒತ್ತಿ ತಳ್ಳಿದರೆ ಹಿಂದಿನ ಎರಡು ತೋಳುಗಳು ಮೇಲೇಳುತ್ತವೆ, ಜೊತೆಗೆ ನೇಗಿಲೂ ಏಳುತ್ತದೆ. ಇದಕ್ಕೆ ಹೈಡ್ರಾಲಿಕ್ ಎನ್ನುತ್ತಾರೆ. ಹೋದ ವಾರದವರೆಗೆ ನನಗೂ ಗೊತ್ತಿರಲಿಲ್ಲ.)

ಈ ಟ್ರ್ಯಾಕ್ಟರು ಸಾಮಾನ್ಯದ್ದಲ್ಲ. ಹಡಗಿನಲ್ಲಿ ಬಂದದ್ದು, ಬೂದು ಬಣ್ಣದ್ದು, ಗಿಡ್ಡ. ಟ್ರ್ಯಾಕ್ಟರ್ ಅಂದರೆ ಏನು ಅಂತ ನೋಡಲು ಜನ ಪಕ್ಕದ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ಕಾಲದಲ್ಲಿ ಭಾವನ ತಂದೆ ಕೊಂಡದ್ದು. ಈಗ ಊರಿನಲ್ಲಿ ಕೆಂಪು, ನೀಲಿ ಬಣ್ಣದ ಹೊಸ ಗಾಡಿಗಳು ಬಂದಿವೆ. ಆದರೂ ಭಾವ ತಮ್ಮ ಮುದುಕನನ್ನು ಬಿಟ್ಟುಕೊಡುವುದಿಲ್ಲ. "ಅವೆಲ್ಲಾ ತಗಡು ಕಣೋ. ಇದು ಕಬ್ಬಿಣ," ಎನ್ನುತ್ತಾರೆ.

ಕಬ್ಬಿಣ ಏಳಲಿಲ್ಲವಲ್ಲ, ಊರು ಎದ್ದಿತು. ಒಬ್ಬ ಬಂದು ಎಣ್ಣೆ ಕಡಿಮೆ ಎಂದ. ಇನ್ನೊಬ್ಬ ಎಣ್ಣೆ ಜಾಸ್ತಿ ಎಂದ. ಕುಂಬಳಕಾಯಿ ಒಡೆದವನ ಕೈ ಸರಿಯಿಲ್ಲ ಎಂದ ಮತ್ತೊಬ್ಬ. (ಒಡೆದವನು ನಾನು.) ಪಕ್ಕದ ಹೊಲದ ಮುನಿಶಾಮಪ್ಪ ತನ್ನ ಜೋಡಿ ಎತ್ತು ಹೊಡೆದುಕೊಂಡು ಹೋಗುತ್ತಿದ್ದವನು ನಿಂತು, ಬೀಡಿ ಹಚ್ಚಿ, "ನಮ್ಮವು ಬೆಳಗ್ಗೆ ತಾವೇ ಎದ್ದು ನಿಂತ್ಕೊಂತಾವಪ್ಪ," ಎಂದು ಹೇಳಿ ಹೋದ. ಆ ಮಾತು ಭಾವನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಇಷ್ಟೇ ಆಗಿದ್ದರೆ ನಾನು ನಕ್ಕು, ಹೋಳಿಗೆ ತಿಂದು, ಬಸ್ಸು ಹತ್ತಿ ಕೋಲಾರಕ್ಕೆ ಬಂದುಬಿಡುತ್ತಿದ್ದೆ. ಆದರೆ ನಡುಮನೆಯಲ್ಲಿ ಆಲೂಗಡ್ಡೆ ಹರಡಿತ್ತು.

ಆ ಆಲೂಗಡ್ಡೆ ಅಕ್ಕನದು. ಕೆರೆ ಪಕ್ಕದ ತುಂಡು ಜಮೀನನ್ನು ಈ ಸಲ ತಾನೇ ಮಾಡುತ್ತೇನೆಂದು ಅವಳು ವರ್ಷವೆಲ್ಲಾ ಕೇಳಿ ಒಪ್ಪಿಸಿದ್ದಳು. ಮಾಲೂರಿನಿಂದ ಬಿತ್ತನೆ ಗಡ್ಡೆ ತಾನೇ ನೋಡಿ ತಂದಿದ್ದಳು. ಹಬ್ಬದ ಮಾರನೆಯ ದಿನವೇ ಉತ್ತುಕೊಡುತ್ತೇನೆ ಎಂದು ಭಾವ ಮಾತು ಕೊಟ್ಟಿದ್ದರಿಂದ ಮೊಳಕೆ ನೋಡಿ ನೋಡಿ ಹೋಳು ಮಾಡಿ, ಬೂದಿ ಸವರಿ ಇಟ್ಟಿದ್ದಳು. ಕೊಯ್ದ ಗಡ್ಡೆ ಕಾಯುತ್ತದೆಯೇ? ಬೇಗ ಮಣ್ಣಿಗೆ ಹೋಗಬೇಕು. ಇಲ್ಲದಿದ್ದರೆ ಕೊಳೆಯುತ್ತದೆ. ಕೊಳೆತರೆ ಆ ಜಮೀನು ಇನ್ನೊಮ್ಮೆ ಅವಳ ಕೈಗೆ ಬರುವುದಿಲ್ಲ, ಹೆಂಗಸರ ಬೇಸಾಯ ಎಂದು ಊರೆಲ್ಲಾ ಆಡಿಕೊಳ್ಳುತ್ತದೆ. ಇದು ಅವಳಿಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

"ಮುನಿಶಾಮಣ್ಣನ ಎತ್ತು ಕೇಳ್ರಿ," ಎಂದಳು ಅಕ್ಕ.

"ಮನೇಲಿ ಟ್ರ್ಯಾಕ್ಟರ್ ಇಟ್ಕೊಂಡು ಎತ್ತು ಕೇಳೋದಾ? ನಮ್ಮಪ್ಪನ ಮರ್ಯಾದೆ ಏನಾಗ್ಬೇಕು?" ಎಂದರು ಭಾವ.

ಅಪ್ಪನ ಮರ್ಯಾದೆ ಉಳಿಸಲು ಶ್ರೀನಿವಾಸಪುರದಿಂದ ಮೆಕ್ಯಾನಿಕ್ ರೆಡ್ಡೆಪ್ಪ ಬಂದ. ಹೊಸ ಗಾಡಿಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಹೆಸರು ಮಾಡಿದವನು. ನಮ್ಮ ಮುದುಕನ ಸುತ್ತ ಒಂದು ಪ್ರದಕ್ಷಿಣೆ ಬಂದು, ಕಿವಿ ಇಟ್ಟು ಕೇಳಿ, "ಪಂಪ್ ಪೋಯಿಂದಿ ಸಾರ್," ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟ. ಪಂಪು ಹೋಯಿತು ಎಂದು ಎರಡು ಭಾಷೆಯಲ್ಲೂ ಊರು ಒಪ್ಪಿಕೊಂಡಿತು.

ಬಿಚ್ಚಬೇಕಲ್ಲ? ಅಲ್ಲೊಂದು ತೊಡಕು ಬಂತು. ಹಾರ.

ಪೂಜೆಯ ದಿನ ಅಕ್ಕ ಸ್ಟಿಯರಿಂಗಿನಿಂದ ಹಿಡಿದು ಮಡ್‌ಗಾರ್ಡ್ ಬಳಸಿ, ಸೀಟಿನ ಕೆಳಗೆ ಎಡಗಡೆ ಚಾಚಿಕೊಂಡಿರುವ ಒಂದು ಕಬ್ಬಿಣದ ಕೋಲಿನವರೆಗೆ ಚೆಂಡುಹೂವಿನ ಹಾರ ಕಟ್ಟಿದ್ದಳು. ಆ ಕೋಲಿಗೆ ಎಲ್ಲರೂ ಊಟದ ಚೀಲ ನೇತುಹಾಕುವುದು ರೂಢಿ. ಹಾರ ಜೋತುಬಿದ್ದಿದ್ದನ್ನು ಕಂಡು ಭಾವನೇ, "ಏನೇ ಅದು, ಸತ್ತ ಹಾವಿನ ಥರ. ಎಳೆದು ಬಿಗಿಯಾಗಿ ಕಟ್ಟು," ಎಂದಿದ್ದರು. ಅಕ್ಕ ಎಳೆದು ಬಿಗಿಯಾಗಿ ಕಟ್ಟಿದ್ದಳು.

ಈಗ ಆ ಹಾರವನ್ನು ಬಿಚ್ಚುವಂತಿಲ್ಲ. ನಮ್ಮ ಕಡೆ ಅದೊಂದು ನಿಯಮ. ಆಯುಧಪೂಜೆಗೆ ಕಟ್ಟಿದ ಹೂವು ಒಣಗಿ, ಉದುರಿ, ತಾನಾಗಿಯೇ ಬೀಳಬೇಕು. ಕೈಯಾರೆ ಕಿತ್ತರೆ ಗಾಡಿಗೆ ಕೇಡು. ನಮ್ಮ ಆಫೀಸಿನಲ್ಲಿ ಟೈಪ್‌ರೈಟರಿನ ಕೀಲಿಗಳ ನಡುವೆ ಅಂಟಿದ ಕುಂಕುಮವನ್ನು ದೀಪಾವಳಿಯವರೆಗೆ ಯಾರೂ ಒರೆಸುವುದಿಲ್ಲ. ಅಲ್ಲಿಯತನಕ ಸರ್ಕಾರದ ಕೆಲಸ ನಿಲ್ಲುತ್ತದೆ. (ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದು ಬೇರೆ ವಿಷಯ.)

"ಏನಾದ್ರೂ ಬಿಚ್ಚು ರೆಡ್ಡೆಪ್ಪ. ಹಾರ ಮಾತ್ರ ಮುಟ್ಬೇಡ," ಎಂದರು ಭಾವ.

ರೆಡ್ಡೆಪ್ಪ ದೈವಭಕ್ತ. ಮುಟ್ಟಲಿಲ್ಲ. ಗೇರ್‌ಬಾಕ್ಸಿನ ಎಣ್ಣೆಯನ್ನೆಲ್ಲಾ ಬಾಂಡ್ಲಿಗೆ ಇಳಿಸಿದ. ಸೀಟು ತೆಗೆದ. ಮೇಲಿನ ಭಾರದ ಮುಚ್ಚಳವನ್ನು ಹಗ್ಗ ಕಟ್ಟಿ ಹುಣಸೆಮರದ ಕೊಂಬೆಗೆ ಎತ್ತಿಸಿದ. ಕೊನೆಗೆ ಎಡಗಡೆ ಬೋಲ್ಟು ಹಾಕಿ ಮುಚ್ಚಿದ್ದ ಕಬ್ಬಿಣದ ತಟ್ಟೆ ಬಿಚ್ಚಬೇಕಾಯಿತು. ಆ ಕೋಲು ಇರುವುದೇ ಆ ತಟ್ಟೆಯಲ್ಲಿ. ಈಗೇನು ಮಾಡುವುದು? ಬೋಲ್ಟುಗಳನ್ನು ಬಿಚ್ಚಿ, ತಟ್ಟೆ, ಕೋಲು, ಹಾರ ಮೂರನ್ನೂ ಒಟ್ಟಿಗೆ ಈಚೆಗೆ ತೆಗೆದರು. ಹಾರ ಹರಿಯದಂತೆ ನಾನು ಒಂದು ಕಡೆ, ಭಾವ ಒಂದು ಕಡೆ ಹಿಡಿದು ನಿಂತೆವು. ಪದವೀಧರನಾದ ನಾನು ಬಿಸಿಲಿನಲ್ಲಿ ಒಂದು ಕಬ್ಬಿಣದ ತಟ್ಟೆಯನ್ನು ಕೂಸಿನ ಹಾಗೆ ಎತ್ತಿಕೊಂಡು ನಿಂತಿದ್ದನ್ನು ಊರು ನೋಡಿತು. ಆಮೇಲೆ ಅದಕ್ಕೆ ಕೆಳಗೊಂದು ಸ್ಟೂಲು ಕೊಟ್ಟರು. ನನಗೆ ಕೊಡಲಿಲ್ಲ.

ಪಂಪು ಹೊರಗೆ ಬಂತು. ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದೇ ಬಿಚ್ಚಿ ಗೋಣಿತಾಟಿನ ಮೇಲೆ ಹರವಿದರು. ಸಣ್ಣ ಪಿಸ್ಟನ್‌ಗಳು, ವಾಲ್ವುಗಳು, ರಬ್ಬರ್ ಸೀಲುಗಳು, ಕಪ್ಪು ಕೆಸರು ಕಟ್ಟಿದ ಒಂದು ಜಾಲರಿ. ರೆಡ್ಡೆಪ್ಪ ಒಂದು ಪಿಸ್ಟನ್ ಎತ್ತಿ ಬೆಳಕಿಗೆ ಹಿಡಿದು, "ನೋಡಿ ಸಾರ್, ಎಷ್ಟು ಸವೆದಿದೆ," ಎಂದ. ಸವೆದಿತ್ತು. ಇಷ್ಟು ವರ್ಷ ದುಡಿದ ಯಾರನ್ನೇ ಬಿಚ್ಚಿ ಬೆಳಕಿಗೆ ಹಿಡಿದರೆ ಸವೆದಿರುವುದು ಕಾಣುವುದಿಲ್ಲವೇ? ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೂ ಇದೇ ಮಾತು ಹೇಳುತ್ತಾರೆ.

ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಕೂಗಿ ಕೂಗಿ ಹೇಳಿ, ಸೀಲುಗಳ ಪೊಟ್ಟಣವನ್ನು ಬಸ್ಸಿನ ಕಂಡಕ್ಟರ್ ಕೈಲಿ ತರಿಸಿದ್ದಾಯಿತು. ಮೊದಲ ಪೊಟ್ಟಣ ಬೇರೆ ಗಾಡಿಯದು. ಎರಡನೆಯದು ಸರಿಯಾಗಿತ್ತು. ರೆಡ್ಡೆಪ್ಪ ವಾಲ್ವುಗಳನ್ನು ಪೇಸ್ಟ್ ಹಚ್ಚಿ ಉಜ್ಜಿ ಉಜ್ಜಿ ಕೂರಿಸಿದ. ಕೆಲಸದಲ್ಲಿ ಒಂದು ಚೂರೂ ಮೋಸವಿಲ್ಲ. ಅಷ್ಟು ಚೊಕ್ಕಟವಾದ ಪಂಪನ್ನು ಆ ಟ್ರ್ಯಾಕ್ಟರು ಹುಟ್ಟಿದಾಗಲೂ ಕಂಡಿರಲಿಕ್ಕಿಲ್ಲ.

ಇತ್ತ ಅಕ್ಕ ದಿನಾ ಬೆಳಿಗ್ಗೆ ಗಡ್ಡೆಯ ಹೋಳುಗಳನ್ನು ಮಗುಚಿ ಹಾಕುತ್ತಿದ್ದಳು. ಮೆತ್ತಗಾದದ್ದನ್ನು ಮೂಸಿ ನೋಡಿ ಬುಟ್ಟಿಗೆ ಎಸೆಯುತ್ತಿದ್ದಳು. ಬುಟ್ಟಿ ತುಂಬುತ್ತಾ ಬಂತು. ಒಂದು ದಿನ ನಾನು ಹತ್ತಿರ ಹೋಗಿ ಕೂತರೆ, ತಲೆ ಎತ್ತದೆ, "ಹೋಗ್ಲಿ ಬಿಡೋ, ನನ್ನ ಹಣೇಲಿ ಬರ್ದಿಲ್ಲ," ಎಂದಳು. ಆಗ ಮಾತ್ರ ನನಗೆ ನಗು ಬರಲಿಲ್ಲ. ಭಾವನ ಮೇಲೂ, ಪಂಪಿನ ಮೇಲೂ, ತಟ್ಟೆ ಹಿಡಿದುಕೊಂಡು ನಿಂತ ನನ್ನ ಮೇಲೂ ಸಿಟ್ಟು ಬಂತು.

ಎಲ್ಲಾ ಜೋಡಿಸಿ, ತಟ್ಟೆಯನ್ನು ಹಾರದ ಸಮೇತ ಹೇಗಿತ್ತೋ ಹಾಗೇ ಕೂರಿಸಿ, ಎಣ್ಣೆ ತುಂಬಿದರು. ಊರು ಸೇರಿತು. ಮುನಿಶಾಮಪ್ಪನೂ ಬಂದ, ಎತ್ತಿನ ಜೊತೆ. ಭಾವ ಕೈಮುಗಿದು ಹತ್ತಿ ಸ್ಟಾರ್ಟ್ ಮಾಡಿ ಹಿಡಿ ಎಳೆದರು.

ಕಲ್ಟಿವೇಟರ್ ಏಳಲಿಲ್ಲ. ಕೋಳಿಗಳೂ ಏಳಲಿಲ್ಲ.

"ಏಂ ಲೇದು ಸಾರ್, ಎಣ್ಣೇಲಿ ಗಾಳಿ ಸೇರಿರ್ಬೇಕು," ಎಂದ ರೆಡ್ಡೆಪ್ಪ, ಅಂಥದ್ದೇನೂ ಇಲ್ಲ ಎನ್ನುವವನಂತೆ. "ಕ್ಲಚ್ ಒತ್ತಿ ಹಿಡ್ಕೊಳ್ಳಿ, ನೋಡ್ತೀನಿ." ಭಾವ ಕ್ಲಚ್ ಒತ್ತಿಕೊಂಡೇ ಕೂತರು. ರೆಡ್ಡೆಪ್ಪ ಹಿಂದೆ ಬಗ್ಗಿದ.

ಅಷ್ಟರಲ್ಲಿ ಅಕ್ಕ ಒಳಗಿಂದ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಉಳಿದ ಗಡ್ಡೆಯನ್ನು ಎರಡು ಗೋಣಿಚೀಲಕ್ಕೆ ತುಂಬಿದ್ದಾಳೆ, ಬಾಯಿ ಕಟ್ಟಲು ದಾರ ಬೇಕು. "ಮುನಿಶಾಮಣ್ಣ, ಎತ್ತು ಕೆರೆ ಕಡೆಗೆ ಹೊಡಿ. ನಾನು ಬರ್ತೀನಿ," ಎಂದವಳೇ ನೇರವಾಗಿ ಟ್ರ್ಯಾಕ್ಟರಿನ ಹತ್ತಿರ ಬಂದು ಹಾರಕ್ಕೆ ಕೈ ಹಾಕಿದಳು.

"ಏಯ್, ಅದನ್ನ ಮುಟ್ಬಾರ್ದು ಕಣೇ," ಎಂದರು ಭಾವ.

"ಕಟ್ಟಿದ್ದು ನಾನು. ಬಿಚ್ಚೋದೂ ನಾನೇ," ಎಂದು ಅಕ್ಕ ಜೋರಾಗಿ ಜಗ್ಗಿದಳು. ಗಂಟು ಬಿಚ್ಚಲಿಲ್ಲ. ಕೋಲೇ ಮುಂದಕ್ಕೆ ಬಂತು. ಒಳಗೆಲ್ಲೋ ಕಟಕ್ ಅಂದಿತು. ಇನ್ನೊಂದು ಸಲ ಜಗ್ಗಿದಾಗ ದಾರ ಹರಿದು ಅವಳ ಕೈಗೆ ಬಂತು, ಹೂವೆಲ್ಲಾ ನೆಲಕ್ಕೆ ಬಿತ್ತು. ಗಾಬರಿಯಾದ ಭಾವ ಇಳಿಯಲು ಹೋಗಿ ಕ್ಲಚ್ಚಿನಿಂದ ಕಾಲು ತೆಗೆದರು.

ಕಲ್ಟಿವೇಟರ್ ಮೆಲ್ಲಗೆ, ಗಂಭೀರವಾಗಿ, ಕೋಳಿಗಳ ಸಮೇತ ಮೇಲಕ್ಕೆ ಎದ್ದಿತು.

ರೆಡ್ಡೆಪ್ಪ ಬಂದು ಆ ಕೋಲನ್ನು ನೋಡಿದ. ಭಾವನಿಗೆ ಕ್ಲಚ್ ಒತ್ತಲು ಹೇಳಿ, ಕೋಲನ್ನು ಹಿಂದಕ್ಕೆ ತಳ್ಳಿದ. ಹಿಂದಿನ ತೋಳುಗಳು ಸತ್ತವು. ಮುಂದಕ್ಕೆ ಎಳೆದ. ಜೀವ ಬಂತು. ಆಮೇಲೆ ನನ್ನನ್ನು ಹುಣಸೆಮರದ ಹಿಂದಕ್ಕೆ ಕರೆದು ಮೆಲ್ಲಗೆ ಹೇಳಿದ: "ಸಾರ್, ಈಗಿನ ಗಾಡೀಲಿ ಪಂಪು ಎಂಜಿನ್ ಜೊತೇಲೇ ತಿರುಗ್ತದೆ. ಈ ಮುದುಕಂದು ಆ ಕೋಲು ಮುಂದಕ್ಕೆ ಹಾಕಿದ್ರೇನೇ ತಿರುಗೋದು. ಇಷ್ಟು ವರ್ಷ ಹಾಕೇ ಇಟ್ಟಿದ್ರಲ್ಲ, ಯಾರಿಗೆ ನೆನಪಿರ್ತದೆ? ಹಾರ ಬಿಗಿ ಮಾಡುವಾಗ ಹಿಂದಕ್ಕೆ ಹೋಗೈತೆ. ನಿಮ್ಮ ಭಾವನ ಹತ್ರ ಹೇಳ್ಬೇಡಿ."

ಹೇಳುವ ಅಗತ್ಯವೇ ಬೀಳಲಿಲ್ಲ. ಭಾವ ಆಗಲೇ ಊರಿಗೆ ಭಾಷಣ ಶುರು ಮಾಡಿದ್ದರು. "ನೋಡಿದ್ರಾ? ಹೊಸ ಸೀಲು ಕೂತ್ಕೊಳ್ಳೋಕೆ ಸ್ವಲ್ಪ ಟೈಮ್ ಬೇಕು. ಇದು ಕಬ್ಬಿಣ ಕಣ್ರಯ್ಯ." ಊರು ತಲೆ ಅಲ್ಲಾಡಿಸಿತು. ಪಂಪು ಬಿಚ್ಚಿದ್ದು ವ್ಯರ್ಥವಾಯಿತು ಎಂದು ಒಪ್ಪಿಕೊಳ್ಳುವುದಕ್ಕಿಂತ ಪಂಪು ರಿಪೇರಿಯಾಯಿತು ಎಂದು ನಂಬುವುದು ಎಲ್ಲರಿಗೂ ಸುಲಭ. ನಮ್ಮ ಎಷ್ಟು ಇಲಾಖೆಗಳು ಹೀಗೆ ರಿಪೇರಿಯಾಗಿಲ್ಲ, ಹೇಳಿ?

ರೆಡ್ಡೆಪ್ಪ ಕೋಲನ್ನು ಹಿಂದೆ ಮುಂದೆ ಮಾಡಿದ್ದನ್ನು ನೋಡಿಕೊಂಡ ಅಕ್ಕ ಭಾಷಣ ಕೇಳಲು ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅವಳ ಜಮೀನಿನಲ್ಲಿ ಎತ್ತು ಇಳಿದಿತ್ತು. ಆಮೇಲೆ ಟ್ರ್ಯಾಕ್ಟರೂ ಹೋಯಿತು. ಹೊತ್ತು ಮುಳುಗುವುದರೊಳಗೆ ಸಾಲು ಹೊಡೆದು ಗಡ್ಡೆ ಊರಿದ್ದಾಯಿತು. ಕಾಲು ಭಾಗ ಕೊಳೆತು ತಿಪ್ಪೆಗೆ ಹೋಯಿತು. ಉಳಿದದ್ದಕ್ಕೆ ಮಣ್ಣು ಮುಚ್ಚುವಾಗ ಅವಳ ಮುಖ ನೋಡಬೇಕಿತ್ತು ನೀವು. ನನಗಂತೂ ತುಂಬಾ ಸಂತೋಷವಾಯಿತು.

ಮಾರನೆಯ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಟ್ರ್ಯಾಕ್ಟರಿನ ಮುಂದೆ ಮತ್ತೆ ಊದುಬತ್ತಿ ಹಚ್ಚಿತ್ತು. ಪಂಪು ಸರಿಹೋಗಲಿ ಎಂದು ಭಾವ ಹರಕೆ ಹೊತ್ತಿದ್ದರಂತೆ. ತೆಂಗಿನಕಾಯಿ ಹಿಡಿದು, "ಬಿಗಿಯಾಗಿ ಕಟ್ಟೇ," ಎಂದರು.

ಅಕ್ಕ ಹೊಸ ಹಾರ ಕೈಯಲ್ಲಿ ಹಿಡಿದು ಆ ಕೋಲನ್ನು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಈಗ ಇದನ್ನ ಯಾರ ಕೊರಳಿಗೆ ಕಟ್ಲೋ?"